ದುರ್ಗ ಅಂದರೆ ಎದೆನೋವು

ಮೆಮೊರಿ ಸಾಲುತ್ತಿಲ್ಲ ಎಂದು ಫೋನು ಮತ್ತೆ ಹೇಳಿತು. ಆ ವಾರದಲ್ಲಿ ಅದು ಎಷ್ಟನೆಯ ಸಲವೋ ನನಗೆ ಲೆಕ್ಕ ತಪ್ಪಿತ್ತು. ಬರೆದಿಟ್ಟ ನೋಟ್ಸನ್ನೆಲ್ಲ ಒಂದೇ ಫೈಲು ಮಾಡಿ ಹೊರಗೆ ತೆಗೆದುಕೊಡು ಎಂದು ಒತ್ತುತ್ತೇನೆ. ಒಂದು ಹಸಿರು ಗೆರೆ ಎಡದಿಂದ ಬಲಕ್ಕೆ ತೆವಳುತ್ತದೆ. ಅರ್ಧ ದಾಟುತ್ತಿದ್ದಂತೆ ಫೋನು ಬಿಸಿಯಾಗಿ, ಪರದೆ ಕಪ್ಪಾಗಿ, ಆ್ಯಪ್ಪು ತಾನೇ ಮುಚ್ಚಿಕೊಳ್ಳುತ್ತದೆ. ಮತ್ತೆ ತೆರೆದರೆ ಏನೂ ಆಗಿಯೇ ಇಲ್ಲವೆಂಬಂತೆ ಕೂತಿರುತ್ತದೆ. ಇಂಥ ಗಂಡಸರನ್ನು ನೋಡಿದ್ದೇನೆ, ಇಂಥ ಆ್ಯಪ್ಪನ್ನು ನೋಡಿದ್ದು ಅದೇ ಮೊದಲು.

ಹಿರಿಯೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು ಆ ಗೆರೆಯನ್ನೇ ನೋಡುತ್ತಿದ್ದೆ. ಕಿಬ್ಬೊಟ್ಟೆಯಲ್ಲಿ ನೋವು, ಪಕ್ಕದ ಮನೆಯವರಿಗೆ ಒಪ್ಪಿಸಿಬಂದ ಗಂಡ, ಎದುರಿಗೆ ಈ ದರಿದ್ರ ಗೆರೆ. ಅಂಗಡಿಯ ಒಡತಿ ಯಾರದೋ ಅರ್ಜಿ ತುಂಬುತ್ತ, ಕಣ್ಣೆತ್ತದೆ, "ಆಯ್ತೇನಕ್ಕ?" ಅಂದಳು.

"ಆಗ್ಲಿಲ್ಲ ಕಣವ್ವ. ಇದು ಆಗೋ ಹಂಗೆ ಕಾಣಲ್ಲ," ಅಂದೆ. ಅಳು ಬರುವಷ್ಟು ಸುಸ್ತಾಗಿತ್ತು. ಅಳುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ, ಸುಮ್ಮನಾದೆ.

ಆ ನೋಟ್ಸಿನಲ್ಲಿ ಏನಿತ್ತು ಎಂದು ಮೊದಲು ಹೇಳಿಬಿಡುತ್ತೇನೆ. ಅದರಲ್ಲಿ ಇದ್ದದ್ದು ನನ್ನ ಗಂಡನ ಮಾತು: ಒಂದೊಂದು ಮಾತಿಗೂ ಅರ್ಥದ ಬರಹ, ಜೊತೆಗೆ ಅವರದೇ ದನಿ.

ಅವರು ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಕೆಲವು ವರ್ಷ ಹಿರಿಯೂರಿನಿಂದ ಹೊಸದುರ್ಗ, ಕೆಲವು ವರ್ಷ ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ದುರ್ಗ, ಒಂದಷ್ಟು ಕಾಲ ಶ್ರೀರಾಂಪುರದಲ್ಲಿ ತಂಗುವ ಬಸ್ಸು. ನಮ್ಮ ಕಡೆ ಚಿತ್ರದುರ್ಗ ಎಂದು ಪೂರ್ತಿ ಹೇಳುವವರು ಕಡಿಮೆ; ದುರ್ಗ ಅಂದರೆ ಸಾಕು. ಎರಡು ವರ್ಷದ ಹಿಂದೆ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ, ಬಲಗಾಲು ಮುಕ್ಕಾಲು ಪಾಲು ವಾಪಸ್ ಬಂದವು. ಮಾತು ಬರಲಿಲ್ಲ. ಪೂರ್ತಿ ಬರಲಿಲ್ಲ ಅನ್ನುವ ಹಾಗೂ ಇಲ್ಲ. ನೀರು, ಅನ್ನ, ಚಳಿ, ಹೆಂಡತಿ, ಎಲ್ಲ ಹೋದವು. ಊರುಗಳ ಹೆಸರು ಮಾತ್ರ ಉಳಿದವು. ವರ್ಷಗಟ್ಟಲೆ ಬಾಯಿಪಾಠವಾಗಿ ಕೂಗಿದ್ದು ಕೆಲವರಲ್ಲಿ ಹಾಗೆಯೇ ಉಳಿದುಬಿಡುತ್ತದೆ, ಏನನ್ನು ಹೇಳಲು ಹೋದರೂ ಬಾಯಿಗೆ ಅದೇ ಬರುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಬಿಡಿಸಿ ಹೇಳುವುದು ಸುಲಭ. ಇವರನ್ನು ಮನೆಗೆ ಕರೆದುಕೊಂಡು ಹೋಗಬೇಕಾದವಳು ನಾನು.

ಹೊಳಲ್ಕೆರೆ ಅಂದರೆ ಹಸಿವು, ಮಧ್ಯಾಹ್ನದ ಊಟಕ್ಕೆ ಬಸ್ಸು ನಿಲ್ಲುತ್ತಿದ್ದದ್ದು ಅಲ್ಲಿ. ಶ್ರೀರಾಂಪುರ ಅಂದರೆ ನಿದ್ದೆ. ಇವೆರಡನ್ನು ನಾನು ಬೇಗ ಹಿಡಿದೆ. ಬಬ್ಬೂರು ಅಂದರೆ ಬಚ್ಚಲಿಗೆ ಹೋಗಬೇಕು ಎಂದು ತಿಳಿಯುವಷ್ಟರಲ್ಲಿ ಎಷ್ಟು ಲುಂಗಿ ಒಗೆದೆನೋ ನನಗೇ ಗೊತ್ತು. ಜವನಗೊಂಡನಹಳ್ಳಿ ಅಂದರೆ ಟಿವಿ ಬಂದ್ ಮಾಡು. ಯಾಕೆ ಹಾಗೆ ಎಂದು ಇವತ್ತಿಗೂ ತಿಳಿದಿಲ್ಲ. ಹಿರಿಯೂರು ಅಂದರೆ ಆಯ್ತು ಬಿಡು, ಸಾಕು.

ಒಂದು ಊರಿಗೆ ಒಂದೇ ಅರ್ಥ ಇದ್ದಿದ್ದರೆ ನನಗೂ ಇಷ್ಟು ಪಾಡು ಇರುತ್ತಿರಲಿಲ್ಲ. ಎಳೆದು "ಹೊಸದುರ್ಗಾ" ಅಂದರೆ ತಲೆ ಒತ್ತು. ಕತ್ತರಿಸಿ "ಹೊಸ್ದುರ್ಗ" ಅಂದರೆ ನನ್ನ ಪಾಡಿಗೆ ನನ್ನ ಬಿಡು. ಒತ್ತಲು ಹೋಗಿ ಬೈಸಿಕೊಂಡಿದ್ದೇನೆ. ಆ ಬೈಗುಳವೂ ಯಾವುದೋ ಊರಿನ ಹೆಸರೇ.

ಎಲ್ಲಕ್ಕಿಂತ ಮುಖ್ಯವಾದ ಮಾತು ದುರ್ಗ. ಮಾಮೂಲಿ ದನಿಯಲ್ಲಿ ಒಂದು ಸಲ ದುರ್ಗ ಅಂದರೆ ಕಿಟಕಿ ತೆಗೆ, ಗಾಳಿ ಬರಲಿ. ಆದರೆ ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮಂಚದ ಅಂಚು ಹಿಡಿದು, ಮೆಲ್ಲಗೆ, ಉಸಿರಿನೊಳಗೆ, "ದುರ್ಗ... ದುರ್ಗ..." ಅಂದರು. ಕಿಟಕಿ ತೆಗೆದೆ. ಮತ್ತೆ ಅದನ್ನೇ ಅಂದರು. ತಿರುಗಿ ನೋಡಿದರೆ ಅಂಗಿಯೆಲ್ಲ ಬೆವರಿನಲ್ಲಿ ತೊಯ್ದಿತ್ತು. ಪಕ್ಕದ ಮನೆಯವರ ಕಾರಿನಲ್ಲಿ ಹಾಕಿಕೊಂಡು ದುರ್ಗದ ಆಸ್ಪತ್ರೆಗೇ ಹೋದೆವು. ಎದೆನೋವು, ಸ್ವಲ್ಪ ತಡವಾಗಿದ್ದರೂ ಜೀವ ಕೈಬಿಟ್ಟು ಹೋಗುತ್ತಿತ್ತು ಅಂದರು ಡಾಕ್ಟರು. ಮಳೆಗಾಲದಲ್ಲಿ ಇನ್ನೊಂದು ಸಲ ಹಾಗೆಯೇ ಆಯಿತು. ಕಾರು ಬರುವಷ್ಟರಲ್ಲಿ ಆ ದನಿಯನ್ನು ಫೋನಿನಲ್ಲಿ ಹಿಡಿದಿಟ್ಟೆ. ಕಿಟಕಿಯ ದುರ್ಗಕ್ಕೂ ಎದೆನೋವಿನ ದುರ್ಗಕ್ಕೂ ಇರುವ ವ್ಯತ್ಯಾಸ ಬರೆದರೆ ತಿಳಿಯುವಂಥದ್ದಲ್ಲ, ಕೇಳಿಸಿಕೊಳ್ಳಬೇಕು. ಆ ವ್ಯತ್ಯಾಸ ತಿಳಿದವಳು ಪ್ರಪಂಚದಲ್ಲಿ ನಾನೊಬ್ಬಳೇ ಇದ್ದೆ.

ಹೀಗಿರುವಾಗ ನನಗೆ ಗರ್ಭಕೋಶ ತೆಗೆಯಬೇಕು ಅಂದರು. ಮುಂದಕ್ಕೆ ಹಾಕಿ ಹಾಕಿ, ಇನ್ನು ಹಾಕುವ ಹಾಗಿಲ್ಲ ಎಂದು ಡಾಕ್ಟರಮ್ಮ ಗದರಿದ ಮೇಲೆ ಒಪ್ಪಿದೆ. ದುರ್ಗದಲ್ಲಿ ಆಪರೇಷನ್ನು, ಆಮೇಲೆ ಕೆಲವು ದಿನ ಅಲ್ಲೇ ಇರಬೇಕು. ಅಷ್ಟು ದಿನ ಇವರನ್ನು ನೋಡಿಕೊಳ್ಳಲು ನನ್ನ ನಾದಿನಿ, ಇವರ ತಂಗಿ, ಬರುತ್ತೇನೆ ಅಂದಳು. ಅವಳನ್ನು ಕೊಟ್ಟಿರುವುದು ಶ್ರೀರಾಂಪುರದ ಹತ್ತಿರದ ಹಳ್ಳಿಗೆ. ಕುರಿ, ಹೊಲ, ಮನೆ ಎಲ್ಲ ನಿಭಾಯಿಸುವ ಗಟ್ಟಿಗಿತ್ತಿ. ಕಾಯಿಲೆಯವರ ಮುಂದೆ ಕೂತು ಲೊಚಗುಟ್ಟುವ ಪೈಕಿ ಅಲ್ಲ, ಅದೇ ನನಗೆ ಇಷ್ಟ.

"ನಮ್ಮಣ್ಣನ ಮಾತು ನಂಗೆ ತಿಳಿಯಲ್ವಾ ಅತ್ಗೆ. ಒಂದೇ ಹೊಟ್ಟೇಲಿ ಹುಟ್ಟಿದೋರು. ನೀವು ಸುಮ್ನೆ ಹೋಗಿ ಮಾಡಿಸ್ಕಂಡು ಬರ್ರಿ," ಎಂದಳು ಫೋನಿನಲ್ಲಿ.

"ಹಂಗಾದ್ರೆ ಬಬ್ಬೂರು ಅಂದ್ರೆ ಏನು ಹೇಳವ್ವ, ನೋಡಾಣ."

"ಬಬ್ಬೂರಿಗೆ ಹೋಗ್ಬೇಕು ಅಂತ. ಇನ್ನೇನು."

"ಬಚ್ಚಲಿಗೆ ಹೋಗ್ಬೇಕು ಅಂತ. ನೀನು ಚಪ್ಲಿ ಹುಡುಕೋ ಹೊತ್ತಿಗೆ ಆಗೋಗಿರ್ತೈತೆ."

ಆ ಕಡೆ ಅರಚುತ್ತಿದ್ದ ಕುರಿಯನ್ನು ಅವಳು ಗದರಿದ್ದು ಕೇಳಿಸಿತು. ಆಮೇಲೆ, "ಹಂಗಾದ್ರೆ ಎಲ್ಲ ಕಳ್ಸಿಬಿಡ್ರಿ ಅತ್ಗೆ, ಕಲ್ತ್ಕಂತೀನಿ," ಎಂದಳು.

ಕಳಿಸುವುದೇ ಆಗದೆ ಹೋದದ್ದು ನನ್ನ ಗ್ರಹಚಾರ. ಒಂದೊಂದೇ ಕಳಿಸೋಣವೆಂದರೆ ಬರಹ ಹೋಗುತ್ತಿತ್ತು, ದನಿ ಹೋಗುತ್ತಿರಲಿಲ್ಲ. ಎಲ್ಲವನ್ನೂ ಒಟ್ಟಿಗೆ ಹೊರತೆಗೆದರೆ ಮಾತ್ರ ದನಿಯೂ ಬರುತ್ತದೆ, ಒಟ್ಟಿಗೆ ತೆಗೆಯಲು ಹೋದರೆ ಫೋನು ಸಾಯುತ್ತದೆ. ಫೋನನ್ನೇ ನಾದಿನಿಗೆ ಬಿಟ್ಟು ಹೋಗಬಾರದಾ ಎಂದು ಕೇಳಿದವರೆಷ್ಟೋ. ಆಸ್ಪತ್ರೆಯವರು ಪ್ರತಿಯೊಂದಕ್ಕೂ ಓಟಿಪಿ ಕೇಳುತ್ತಾರೆ, ಅದು ಬರುವುದು ಇದೇ ಫೋನಿಗೆ. ಮಿಗಿಲಾಗಿ ಅವಳಿಗೆ ಏನಾದರೂ ಕೇಳಬೇಕೆನಿಸಿದರೆ ನನ್ನನ್ನು ಹಿಡಿಯುವುದು ಯಾವುದರಲ್ಲಿ? ಸಲಹೆ ಕೊಡುವವರಿಗೆ ಇದನ್ನೆಲ್ಲ ವಿವರಿಸಿ ವಿವರಿಸಿ ಬಾಯಿ ನೋಯುತ್ತಿತ್ತು.

ಅಂಗಡಿಯಾಕೆ ಅರ್ಜಿ ಮುಗಿಸಿ ನನ್ನ ಫೋನು ಇಸಿದುಕೊಂಡು ಒಂದು ನೋಟು ತೆರೆದಳು. ಮೇಲುಗಡೆ ನಮ್ಮ ಮನೆದೇವರ ಫೋಟೋ. ಕೆಳಗೆ ಹೊಳಲ್ಕೆರೆ, ಹಸಿವು. ಇನ್ನೊಂದು ತೆರೆದಳು. ಮನೆದೇವರು, ಶ್ರೀರಾಂಪುರ, ನಿದ್ದೆ. ಮತ್ತೊಂದು ತೆರೆದರೆ ಮನೆದೇವರ ಕೆಳಗೆ ಎದುರು ಬೀದಿಯ ಹೆಂಗಸೊಬ್ಬಳ ಜಾಕೀಟಿನ ಅಳತೆ.

"ಇದೇನಕ್ಕ, ಜಾಕೀಟಿಗೂ ದೇವ್ರು?"

ನಮ್ಮ ಕಡೆ ಜಾಕೀಟು ಅಂದರೆ ರವಿಕೆ; ನಾನು ಮನೆಯಲ್ಲಿ ಅದನ್ನು ಹೊಲಿದುಕೊಡುತ್ತೇನೆ. ಈ ಆ್ಯಪ್ಪನ್ನು ಹಾಕಿಸಿಕೊಂಡದ್ದೇ ಗಿರಾಕಿಗಳ ಅಳತೆ ಬರೆದಿಡಲು. ನಮ್ಮ ಮನೆಯಲ್ಲಿ ಏನೇ ಬರೆಯುವುದಿದ್ದರೂ ಮೇಲೆ ದೇವರನ್ನು ಇಡದೆ ಬರೆದವರಿಲ್ಲ. ನಮ್ಮಪ್ಪ ಅಂಗಡಿಯಿಂದ ತರುವ ಬೆಲ್ಲ, ಉಪ್ಪಿನ ಚೀಟಿಗೂ ನೆತ್ತಿಯ ಮೇಲೆ ಶ್ರೀಕಾರ ಹಾಕುತ್ತಿದ್ದರು. ಫೋನು ಬಂದ ಮೇಲೆ ಶ್ರೀಕಾರದ ಬದಲು ದೇವರನ್ನೇ ಇಡಬಹುದಲ್ಲ ಎಂದು ಹಿಗ್ಗಿ, ಮೊದಲ ನೋಟಿನ ಮೇಲೆ ಫೋಟೋ ಅಂಟಿಸಿದೆ. ಹೊಸದು ಬೇಕಾದಾಗಲೆಲ್ಲ ಹಳೆಯದನ್ನೇ ನಕಲು ಮಾಡಿ, ಕೆಳಗಿನ ಬರಹ ಅಳಿಸಿ ಬರೆಯುತ್ತಿದ್ದೆ. ದೇವರು ತಾನಾಗಿ ಪ್ರತಿಯೊಂದರ ಮೇಲೂ ಬಂದು ಕೂರುತ್ತಿದ್ದಳು. ಅದೂ ಅಭಿಷೇಕದ ಹೊತ್ತಿನಲ್ಲಿ ಹತ್ತಿರ ನಿಂತು ತೆಗೆದ ಫೋಟೋ, ಹಿಗ್ಗಿಸಿದರೆ ಮೂಗುತಿಯ ಕಲ್ಲೂ ಕಾಣುವಂಥದ್ದು. ನಮ್ಮ ಮನೆದೇವರು ಹೆಣ್ಣುದೇವರು.

ಅಂಗಡಿಯಾಕೆ ಹಣೆ ಒತ್ತಿಕೊಂಡಳು. "ಅಕ್ಕ, ಈ ಆ್ಯಪ್ಪು ಸರಿಯಾಗಿ ಮಾಡಿದ್ದಲ್ಲ. ಒಂದು ನೋಟು ಎತ್ಕಬೇಕು, ಫೈಲಿಗೆ ಹಾಕ್ಬೇಕು, ಕೈ ಖಾಲಿ ಮಾಡ್ಕಂಡು ಇನ್ನೊಂದು ಎತ್ಕಬೇಕು. ಇದು ಹಂಗೆ ಮಾಡ್ತಿಲ್ಲ. ಎತ್ಕಂಡಿದ್ದು ಯಾವ್ದನ್ನೂ ಕೆಳಗಿಡೋದೇ ಇಲ್ಲ. ಎಲ್ಲಾನೂ ಹೊತ್ಕಂಡೇ ಕೊನೀತನಕ ಹೋಗ್ಬೇಕು ಅಂತೈತೆ. ಇಷ್ಟು ದೇವ್ರನ್ನ ಒಟ್ಟಿಗೆ ಹೊತ್ರೆ ಯಾವ್ ಫೋನು ತಡ್ಕಂತೈತೆ ಹೇಳ್ರಿ."

ಯಾವನೋ ಎಲ್ಲೋ ತಣ್ಣಗೆ ಕೂತು ಇದನ್ನು ಮಾಡಿದ್ದಾನೆ, ಕೆಳಗಿಡುವುದನ್ನು ಕಲಿಸದೆ ಎತ್ತಿಕೊಳ್ಳುವುದನ್ನು ಮಾತ್ರ ಕಲಿಸಿದ್ದಾನೆ. ಅವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಫೋನಿನ ಮೇಲೆ ಇದ್ದ ಸಿಟ್ಟು ಮಾತ್ರ ಆ ಗಳಿಗೆಗೆ ಇಳಿದುಹೋಯಿತು. ಪಾಪ, ಅದರ ಪಾಡೂ ನನ್ನ ಪಾಡೇ.

"ದೇವ್ರನ್ನೆಲ್ಲ ತೆಗೀಬೇಕು," ಎಂದಳು ಅಂಗಡಿಯಾಕೆ.

ಆಪರೇಷನ್ ಎದುರಿಗೆ ಇಟ್ಟುಕೊಂಡು ದೇವರನ್ನು ಅಳಿಸುವುದು ಹೇಗೆ? ನಾನು ಅಂಥ ಮಡಿಯವಳೇನಲ್ಲ, ಆದರೂ ಕೈ ಹಿಂಜರಿಯಿತು. ಅಲ್ಲಿಂದಲೇ ನಾದಿನಿಗೆ ಫೋನು ಮಾಡಿದೆ. "ಅಯ್ಯೋ ಬ್ಯಾಡ್ರಿ ಅತ್ಗೆ," ಎಂದು ಅವಳು ಗಾಬರಿಯಾದಳು. "ಎಲ್ಲ ಬಿಟ್ಟು ಈಗ್ಲೇ ಆಯಮ್ಮನ್ನ ಕೆಣಕ್ತೀರಾ?"

ಅಂಗಡಿಯಾಕೆಗೆ ಅದು ಕೇಳಿಸಿತು. ಇಂಥವು ಅವಳಿಗೆ ದಿನಾ ಇದ್ದದ್ದೇ ಎಂದು ಕಾಣುತ್ತದೆ. "ತೆಗ್ದಿದ್ ಜಾಗದಾಗೆ ಶ್ರೀ ಅಂತ ಬರ್ದುಬಿಡ್ರಿ ಅಕ್ಕ. ಒಂದೇ ಅಕ್ಷರ, ತೂಕನೇ ಇಲ್ಲ. ದೇವ್ರೂ ಇರ್ತಾಳೆ, ಫೋನೂ ಉಳೀತೈತೆ," ಎಂದಳು. ನಾದಿನಿ ಆ ಕಡೆಯಿಂದ ಯೋಚಿಸಿ, "ಅದಾದ್ರೆ ಆಗ್ಲಿ," ಎಂದು ಅಪ್ಪಣೆ ಕೊಟ್ಟಳು. ನಮ್ಮಪ್ಪ ಮಾಡುತ್ತಿದ್ದದ್ದೂ ಅದನ್ನೇ ತಾನೆ. ನಾನು ಜಾಣೆಯಾಗಲು ಹೋಗಿದ್ದೆ.

ಹೇಳಿದಷ್ಟು ಸುಲಭದ ಕೆಲಸವಲ್ಲ ಅದು. ನೂರಾರು ನೋಟು. ಒಂದನ್ನು ತೆರೆ, ಫೋಟೋ ಅಳಿಸು, ನಿಜವಾಗಿಯೂ ಅಳಿಸಲೇ ಎಂದು ಅದು ಕೇಳುತ್ತದೆ, ಹೌದು ಎನ್ನು, ಶ್ರೀ ಬರೆ, ಮುಚ್ಚು, ಮುಂದಿನದು. ಹೊಲಿಗೆ ಯಂತ್ರದ ಮುಂದೆ ಕೂತು, ಒಂದು ತೋಳು ಹೊಲಿಯುವುದು, ಒಂದಿಷ್ಟು ದೇವರನ್ನು ಅಳಿಸುವುದು, ಹೀಗೆ ಹಗಲೆಲ್ಲ ಕಳೆಯಿತು. ಬೆರಳು ತಪ್ಪಿ ದನಿಯ ಮೇಲೆ ಬಿದ್ದರೆ ಫೋನು "ಹೊಳಲ್ಕೆರೆ" ಎನ್ನುತ್ತಿತ್ತು. ಮಂಚದ ಮೇಲಿದ್ದ ಇವರು ತಮ್ಮ ದನಿ ತಾವೇ ಕೇಳಿ, ಅಡಿಗೆಮನೆ ಕಡೆ ನೋಡುತ್ತಿದ್ದರು. ಯಾರಿಗೆ ಹಸಿವು ಎಂಬಂತೆ.

ಒಂದು ಸಂಜೆ ನನ್ನ ತಾಳ್ಮೆ ಕಿತ್ತುಹೋಯಿತು. ಅವರು ಏನೋ ಕೇಳಿದರು, ಯಾವುದೋ ಹೊಸ ಊರು, ನನಗೆ ತಿಳಿಯಲಿಲ್ಲ. ನೀರು ಕೊಟ್ಟೆ, ಬೇಡ. ದುಪ್ಪಟಿ ಹೊದಿಸಿದೆ, ಬೇಡ. ಬಚ್ಚಲೂ ಅಲ್ಲ. ಹೊಟ್ಟೆ ಹಿಂಡುತ್ತಿತ್ತು, ಕಣ್ಣು ಉರಿಯುತ್ತಿತ್ತು. ಫೋನನ್ನು ಬಟ್ಟೆಯ ರಾಶಿಗೆ ಎಸೆದು, "ಒಂದೇ ಒಂದ್ಸಲ ನೆಟ್ಟಗೆ ಮಾತಾಡ್ರಿ," ಅಂದೆ. "ಏನು ಹೇಳ್ಬೇಕೋ ಅದನ್ನೇ ಹೇಳ್ರಿ. ಎರಡು ವರ್ಷದಿಂದ ನಿಮ್ಮ ಒಂದೊಂದು ಮಾತಿಗೂ ಅರ್ಥ ಹುಡುಕಿ ಹುಡುಕಿ ನಂಗೆ ಸಾಕಾಗೋಗೈತೆ."

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಅವರಿಗೆ ಎಲ್ಲ ಅರ್ಥವಾಗುತ್ತದೆ, ಅದೇ ಕಷ್ಟ. ಆಮೇಲೆ "ಹಿರಿಯೂರು" ಅಂದು ಗೋಡೆ ಕಡೆ ತಿರುಗಿಕೊಂಡರು. ಕೇಳಿದ್ದು ಏನೆಂದು ನನಗೆ ಕೊನೆಗೂ ತಿಳಿಯಲಿಲ್ಲ.

ಆಪರೇಷನ್ನಿಗೆ ಹೋಗುವ ಮುಂಚಿನ ದಿನ ಕಡೆಯ ದೇವರನ್ನೂ ಅಳಿಸಿ ಮತ್ತೆ ಅಂಗಡಿಗೆ ಹೋದೆ. ಹಸಿರು ಗೆರೆ ತೆವಳಿತು. ಅರ್ಧಕ್ಕೆ ಬಂದಾಗ ಅಂಗಡಿಯಾಕೆಯೂ ಕೆಲಸ ಬಿಟ್ಟು ನೋಡಿದಳು. ಅರ್ಧ ದಾಟಿತು, ಮುಕ್ಕಾಲು ದಾಟಿತು, ಬಲಗಡೆಯ ಅಂಚು ಮುಟ್ಟಿ ನಿಂತಿತು. ಆಯಿತು ಎಂದು ಫೋನು ಹೇಳಿತು. ಸಂತೋಷ ಪಡಬೇಕಿತ್ತು. ನನಗೆ ಅಲ್ಲೇ ಸ್ಟೂಲಿನ ಮೇಲೆ ಗೋಡೆಗೊರಗಿ ನಿದ್ದೆ ಮಾಡಬೇಕು ಅನಿಸಿತು, ಅಷ್ಟೇ.

ನಾದಿನಿ ಅವತ್ತೇ ಮಧ್ಯಾಹ್ನ ಬಂದಳು, ಚೀಲದ ತುಂಬ ರೊಟ್ಟಿ, ಒಂದು ಸೀಸೆ ತುಪ್ಪ. ಫೈಲನ್ನು ಅವಳ ಫೋನಿಗೆ ಹಾಕಿಕೊಟ್ಟೆ. ದುರ್ಗ ಎಲ್ಲಕ್ಕಿಂತ ಮೊದಲು ಬರುವ ಹಾಗೆ ಮಾಡಿದ್ದೆ: ಕಿಟಕಿಯದು ಒಂದು, ಎದೆನೋವಿನದು ಒಂದು. ಕಿವಿಗೆ ಫೋನು ಒತ್ತಿಕೊಂಡು ಎರಡನ್ನೂ ಕೇಳಿದಳು. ಮತ್ತೆ ಕೇಳಿದಳು. ಎದೆನೋವಿನ ದನಿ ಕೇಳುವಾಗ ಅವಳ ಮುಖ ಸಣ್ಣಗಾಯಿತು.

"ಇದೊಂದು ತಪ್ಪಿದ್ರೆ ನಿಮ್ಮಣ್ಣ ಇರಲ್ಲ," ಅಂದೆ. "ಉಳಿದಿದ್ದು ಯಾವ್ದು ತಪ್ಪಿದ್ರೂ ಲುಂಗಿ ಒಗೆದ್ರೆ ಮುಗೀತು."

"ತಪ್ಪಲ್ಲ. ಅನುಮಾನ ಬಂದ್ರೂ ಸಾಕು, ಗಾಡಿ ಹತ್ತಿಸ್ತೀನಿ. ನೀವು ಅದರ ಯೋಚ್ನೆ ಮಾಡ್ಬ್ಯಾಡ್ರಿ."

ಹೊರಡುವಾಗ ಇವರಿಗೆ, ಆಪರೇಷನ್ನಿಗೆ ಹೋಗುತ್ತಿದ್ದೇನೆ, ದುರ್ಗದಲ್ಲಿರುತ್ತೇನೆ, ಬೇಗ ಬರುತ್ತೇನೆ ಎಂದು ಹೇಳಿದೆ. ಅವರು ಯಾವ ಊರಿನ ಹೆಸರೂ ಹೇಳಲಿಲ್ಲ.

ಆಪರೇಷನ್ ಆಯಿತು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಯಾರೂ ಎಬ್ಬಿಸದೆ ನಿದ್ದೆ ಮಾಡಿದೆ, ಅದಕ್ಕೆ ಹೊಟ್ಟೆ ಕೊಯ್ಯಿಸಿಕೊಳ್ಳಬೇಕಾಯಿತು. ನಾದಿನಿ ದಿನಾ ಫೋನು ಮಾಡಿ ಹೊಳಲ್ಕೆರೆ ಆಯ್ತು, ಬಬ್ಬೂರು ಆಯ್ತು, ಶ್ರೀರಾಂಪುರ ಆಗ್ತಾ ಐತೆ ಎಂದು ವರದಿ ಒಪ್ಪಿಸುತ್ತಿದ್ದಳು. ಇಷ್ಟು ಬೇಗ ಕಲಿತುಬಿಟ್ಟಳಲ್ಲ ಎಂದು ನೆಮ್ಮದಿಯೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಎದ್ದು ಕೂರಲು ಬಿಟ್ಟ ದಿನ ಬೆಳಿಗ್ಗೆ, ನರ್ಸಮ್ಮ ಗಂಜಿ ಕೊಟ್ಟು ಹೋದ ಮೇಲೆ, ಅವಳ ಫೋನು ಬಂತು. ಹಿಂದೆ ಗಾಡಿಯ ಸದ್ದು.

"ಅತ್ಗೆ, ಗಾಬ್ರಿ ಆಗ್ಬ್ಯಾಡ್ರಿ. ಅಣ್ಣ ಎದ್ದಾಗ್ಲಿಂದ ದುರ್ಗ ಅಂತಾನೆ. ಕಿಟಕಿ ತೆಗ್ದೆ. ಮತ್ತೆ ಅದನ್ನೇ ಅಂದ. ಪಕ್ಕದ್ಮನೆಯೋರ ಕಾರಲ್ಲಿ ಕುಂಡ್ರಿಸ್ಕಂಡು ದುರ್ಗದ ಆಸ್ಪತ್ರೆಗೆ ಹೊಂಟೀನಿ. ಐಮಂಗಲ ದಾಟಿದ್ವಿ."

ಕೈಯಲ್ಲಿದ್ದ ಗಂಜಿಯ ಲೋಟ ಎಲ್ಲಿಟ್ಟೆನೋ ತಿಳಿಯದು. ಹೋಯಿತು, ನಾನಿಲ್ಲದಾಗಲೇ ಹೋಯಿತು ಅನಿಸಿತು. "ಬೆವರೈತಾ?" ಅಂದೆ.

"ಇಲ್ಲ."

"ಎದೆ ಹಿಡ್ಕಂಡಾರಾ?"

"ಇಲ್ಲ ಅತ್ಗೆ. ಇಸ್ತ್ರಿ ಅಂಗಿನೇ ಬೇಕು ಅಂತ ಬೀರು ಬಾಗ್ಲು ಬಡ್ದು ಹಾಕಿಸ್ಕಂಡ. ನಂಗೂ ಅನುಮಾನ ಬಂತು. ಆದ್ರೆ ನೀವು ಬರ್ದಿದೀರಲ್ಲ, ಅದಕ್ಕೇ ತಡ ಮಾಡ್ಲಿಲ್ಲ."

"ಫೋನು ಅವ್ರ ಬಾಯಿ ಹತ್ರ ಹಿಡಿ."

ಗಾಳಿಯ ಸದ್ದು. ಆಮೇಲೆ ಅವರ ದನಿ. "ದುರ್ಗ ದುರ್ಗ ದುರ್ಗ."

ಅದು ಉಸಿರಿನೊಳಗಿನ ದುರ್ಗವಲ್ಲ. ಕಿಟಕಿಯ ದುರ್ಗವೂ ಅಲ್ಲ. ಬಸ್ಸು ಹೊರಡುವ ಮುಂಚೆ ಬಾಗಿಲ ಕಂಬಿ ಹಿಡಿದು, ಬಿಡುವಿಲ್ಲದೆ ಒಂದರ ಬೆನ್ನಿಗೊಂದು ಕೂಗುತ್ತಿದ್ದ ದನಿ ಅದು. ನನ್ನ ನೂರಾರು ನೋಟಿನಲ್ಲಿ ಅದೊಂದು ಇರಲಿಲ್ಲ, ಕಾಯಿಲೆ ಬಿದ್ದ ಮೇಲೆ ಅವರು ಹಾಗೆ ಕೂಗಿರಲೇ ಇಲ್ಲ.

ನನಗೆ ನಗು ಬಂತು, ನಕ್ಕರೆ ಹೊಲಿಗೆ ಎಳೆಯಿತು, ಆ ನೋವಿಗೋ ಏನೋ ಅಳು ಬಂತು. ಹೊಟ್ಟೆ ಹಿಡಿದುಕೊಂಡು ಕೂತೆ.

"ಏನಂತೆ ಅತ್ಗೆ?" ಎಂದಳು ನಾದಿನಿ. "ಹಿಂಗಂದ್ರೆ ಏನರ್ಥ? ಇದು ನಿಮ್ಮ ಫೈಲಲ್ಲಿ ಇಲ್ಲ."

"ಅರ್ಥ ಏನಿಲ್ಲ ಕಣವ್ವ. ದುರ್ಗ ಅಂದ್ರೆ ದುರ್ಗ. ದುರ್ಗಕ್ಕೆ ಬರ್ಬೇಕಂತೆ. ನಾನಿಲ್ಲಿದೀನಲ್ಲ."

"ಅಯ್ಯೋ ಇವ್ನ," ಎಂದಳು. "ಎದೆನೋವಲ್ಲ ಅಂದ್ರೆ ಗಾಡಿ ವಾಪಸ್ ತಿರುಗಿಸ್ಲಾ?"

"ಬ್ಯಾಡ," ಅಂದೆ. "ಕರ್ಕಂಡು ಬಾ."